ಉತ್ತರಭಾಗದ ಸಾರ್ಥಕತೆ: 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಮತ್ತು ವಿಜ್ಞಾನ ಕಥಾಚಿತ್ರಗಳ ಮಹಾಕಥನ

ಜನಮನ್ನಣೆ ಪಡೆದ ಕಥೆಯನ್ನು ಮುಂದುವರಿಸುವ ಅಭ್ಯಾಸ ಕಥನಕಲೆಯಷ್ಟೇ ಹಳೆಯದು. ಬಾಣಭಟ್ಟನ 'ಕಾದಂಬರಿ'ಯ ಉತ್ತರಭಾಗವನ್ನು ಅವನ ಮಗ ಪೂರೈಸಿದನು. ನಾಗವರ್ಮನ 'ಕರ್ಣಾಟಕ ಕಾದಂಬರಿ'ಯ ಮೂಲಕ ಆ ಎರಡು ಭಾಗಗಳೂ ಕನ್ನಡಕ್ಕೆ ಬಂದವು. ಅಲ್ಲಿ ಉತ್ತರಭಾಗದ ಅಗತ್ಯ ಉಂಟಾದದ್ದು ಪೂರ್ವಭಾಗ ಅಪೂರ್ಣವಾಗಿ ನಿಂತಿದ್ದುದರಿಂದ. ಚಲನಚಿತ್ರದ ಸಂದರ್ಭದಲ್ಲಿ ಪರಿಸ್ಥಿತಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ಮೊದಲನೆಯ ಚಿತ್ರ ತನ್ನಷ್ಟಕ್ಕೆ ತಾನು ಮುಗಿದು, ಹಣವನ್ನೂ ಹೆಸರನ್ನೂ ಗಳಿಸಿದ ಬಳಿಕವೇ ಎರಡನೆಯದರ ಮಾತು ಏಳುತ್ತದೆ. ಮುಗಿದ ಕಥೆಗೆ ಮತ್ತೆ ಹೇಳಬೇಕಾದುದು ಏನು ಉಳಿದಿರುತ್ತದೆ ಎಂಬ ಪ್ರಶ್ನೆ ಪ್ರತಿಯೊಂದು ಉತ್ತರಭಾಗದ ಮುಂದೆಯೂ ನಿಂತಿರುತ್ತದೆ.

ಈ ಪ್ರಶ್ನೆ ವಿಜ್ಞಾನ ಕಥಾಚಿತ್ರಗಳಲ್ಲಿ ಇನ್ನಷ್ಟು ತೀವ್ರವಾಗಿದೆ. ಇಂತಹ ಚಿತ್ರಗಳು ಒಂದು ಹೊಸ ಲೋಕವನ್ನೇ ಕಟ್ಟಿ ಪ್ರೇಕ್ಷಕರ ಮುಂದಿಡುತ್ತವೆ. ಮೊದಲ ಬಾರಿಗೆ ಕಂಡಾಗ ಆ ಲೋಕ ತರುವ ಬೆರಗು ಎರಡನೆಯ ಬಾರಿಗೆ ತಾನಾಗಿ ದೊರೆಯುವುದಿಲ್ಲ. ಹಾಗಿದ್ದರೂ ಕೆಲವು ಉತ್ತರಭಾಗಗಳು ಮೂಲಚಿತ್ರಕ್ಕೆ ಸರಿಸಮನಾಗಿ, ಕೆಲವೊಮ್ಮೆ ಅದಕ್ಕಿಂತ ಮಿಗಿಲಾಗಿ ನಿಂತಿವೆ. ೧೯೮೦ರಲ್ಲಿ ತೆರೆಕಂಡ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಇವುಗಳಲ್ಲಿ ಪ್ರಮುಖವಾದುದು. ಈ ಚಿತ್ರದ ನಿರ್ಮಾಣದ ಇತಿಹಾಸವನ್ನು ಆಧಾರವಾಗಿಟ್ಟುಕೊಂಡು ಉತ್ತರಭಾಗವೊಂದು ಸಾರ್ಥಕಗೊಳ್ಳುವ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪೂರ್ವಭಾಗದ ಗೆಲುವನ್ನು ಪುನರಾವರ್ತಿಸದೆ ಅದರ ಅರ್ಥವನ್ನೇ ಬದಲಿಸುವ ಧೈರ್ಯ ತೋರಿದಾಗ ಉತ್ತರಭಾಗ ಬಾಳುತ್ತದೆ. ಆ ಧೈರ್ಯಕ್ಕೆ ಕಥೆಗಾರನ ಪ್ರತಿಭೆಯೊಂದೇ ಸಾಲದು, ನಷ್ಟದ ಹೊರೆಯನ್ನು ಹೊರುವವರು ಯಾರು ಎಂಬ ಆರ್ಥಿಕ ಪ್ರಶ್ನೆಯೂ ಅದರೊಡನೆ ಸೇರಿಕೊಂಡಿದೆ ಎಂಬುದು ಇಲ್ಲಿನ ಪ್ರತಿಪಾದನೆ.

೧. ಹಿನ್ನೆಲೆ: ಧಾರಾವಾಹಿಯಿಂದ ಉತ್ತರಭಾಗದವರೆಗೆ

ಅಮೆರಿಕದ ಚಲನಚಿತ್ರರಂಗದಲ್ಲಿ ಬಾಹ್ಯಾಕಾಶದ ಕಥೆಗಳು ಮುಂದುವರಿದ ಮೊದಲ ರೂಪ ಧಾರಾವಾಹಿ. ಯೂನಿವರ್ಸಲ್ ಸಂಸ್ಥೆ ೧೯೩೬ರಲ್ಲಿ 'ಫ್ಲಾಶ್ ಗಾರ್ಡನ್' ಎಂಬ ೧೩ ಕಂತುಗಳ ಧಾರಾವಾಹಿಯನ್ನು ಹೊರತಂದಿತು. ವಾರಕ್ಕೊಂದು ಕಂತಿನಂತೆ ಚಿತ್ರಮಂದಿರಗಳಲ್ಲಿ ಪ್ರದರ್ಶಿತವಾಗುತ್ತಿದ್ದ ಇದರ ಪ್ರತಿ ಕಂತೂ ನಾಯಕ ಅಪಾಯಕ್ಕೆ ಸಿಲುಕಿದ ಘಳಿಗೆಯಲ್ಲಿ ನಿಲ್ಲುತ್ತಿತ್ತು. ೧೯೩೮ ಮತ್ತು ೧೯೪೦ರಲ್ಲಿ ಇದರ ಮುಂದಿನ ಧಾರಾವಾಹಿಗಳು ಬಂದವು. ಮುಂದಿನ ವಾರವೂ ಪ್ರೇಕ್ಷಕರನ್ನು ಕರೆತರುವುದೇ ಇಲ್ಲಿ ಮುಂದುವರಿಕೆಯ ಗುರಿ. ನಾಯಕ ಪಾರಾಗುತ್ತಾನೆ ಎಂಬುದು ಎಲ್ಲರಿಗೂ ತಿಳಿದಿರುತ್ತಿತ್ತು. ಪಾರಾದ ಮೇಲೆ ಅವನು ಮೊದಲಿನಂತೆಯೇ ಇರುತ್ತಿದ್ದನು.

ಬ್ರಿಟನ್ನಿನಲ್ಲಿ ೧೯೫೭ರಲ್ಲಿ ಬಂದ 'ಕ್ವಾಟರ್‌ಮಾಸ್ ೨' ಶೀರ್ಷಿಕೆಯಲ್ಲಿಯೇ ಅಂಕಿಯನ್ನು ಹೊತ್ತ ಆರಂಭದ ಉತ್ತರಭಾಗಗಳಲ್ಲಿ ಒಂದು. ಆದರೆ ಹಾಲಿವುಡ್‌ನ ದೊಡ್ಡ ಸಂಸ್ಥೆಗಳು ಉತ್ತರಭಾಗವನ್ನು ಹೇಗೆ ಕಾಣುತ್ತಿದ್ದವು ಎಂಬುದಕ್ಕೆ 'ಪ್ಲಾನೆಟ್ ಆಫ್ ದಿ ಏಪ್ಸ್' ಸರಣಿಯೇ ಉತ್ತಮ ನಿದರ್ಶನ. ೧೯೬೮ರ ಮೊದಲ ಚಿತ್ರ ಯಶಸ್ವಿಯಾದೊಡನೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ೧೯೭೦, ೧೯೭೧, ೧೯೭೨ ಮತ್ತು ೧೯೭೩ರಲ್ಲಿ ನಾಲ್ಕು ಉತ್ತರಭಾಗಗಳನ್ನು ತಂದಿತು. ಅವುಗಳಿಗೆ ಮೊದಲ ಚಿತ್ರದಷ್ಟು ಬಂಡವಾಳ ದೊರೆಯಲಿಲ್ಲ. ಎರಡನೆಯ ಚಿತ್ರದ ಗುಂಪಿನ ದೃಶ್ಯಗಳಲ್ಲಿ ಹಿಂದೆ ನಿಂತ ನಟರಿಗೆ ಪೂರ್ಣ ಪ್ರಸಾಧನದ ಬದಲು ತಲೆಗೆ ಹಾಕಿಕೊಳ್ಳುವ ಮುಖವಾಡಗಳನ್ನೇ ಬಳಸಲಾಯಿತು. ಮೊದಲ ಚಿತ್ರದ ನಾಯಕ ಚಾರ್ಲ್‌ಟನ್ ಹೆಸ್ಟನ್ ಎರಡನೆಯದರಲ್ಲಿ ಅಭಿನಯಿಸಲು ಹಿಂಜರಿದರು. ಸ್ವಲ್ಪ ಹೊತ್ತು ಮಾತ್ರ ತೆರೆಯ ಮೇಲೆ ಬಂದು ತಮ್ಮ ಪಾತ್ರ ಸಾಯುವಂತೆ ನೋಡಿಕೊಂಡರು. ಮೊದಲ ಚಿತ್ರದ ಹೆಸರಿನ ಬಲದಿಂದ ಕಡಿಮೆ ಖರ್ಚಿನಲ್ಲಿ ಖಚಿತವಾದ ಲಾಭ ಪಡೆಯುವುದು ಇದರ ಹಿಂದಿನ ಲೆಕ್ಕಾಚಾರ. ಆ ಚೌಕಟ್ಟಿನೊಳಗೂ ಈ ಸರಣಿಯ ಲೇಖಕರು ಗಂಭೀರವಾದ ವಿಚಾರಗಳನ್ನು ಎತ್ತಿದರೆಂಬುದು ನಿಜ. ಆದರೆ ಸಂಸ್ಥೆಯ ದೃಷ್ಟಿಯಲ್ಲಿ ಉತ್ತರಭಾಗವೆಂದರೆ ಮೂಲದ ನೆರಳು ಮಾತ್ರವಾಗಿತ್ತು.

ಈ ಭಾವನೆಯನ್ನು ಅಲುಗಾಡಿಸಿದ ಕೃತಿ ವಿಜ್ಞಾನ ಕಥೆಯ ಆಚೆಯಿಂದ ಬಂತು. ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಅವರ 'ದಿ ಗಾಡ್‌ಫಾದರ್ ಭಾಗ ೨' ೧೯೭೪ರಲ್ಲಿ ತೆರೆಕಂಡು ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಗಳಿಸಿತು. ತಂದೆಯ ಏಳಿಗೆಯನ್ನೂ ಮಗನ ಪತನವನ್ನೂ ಜೊತೆಜೊತೆಗೆ ಹೇಳುವ ಆ ಚಿತ್ರ, ಮೊದಲ ಭಾಗದಲ್ಲಿ ವೈಭವವಾಗಿ ಕಂಡದ್ದನ್ನು ವಿನಾಶದ ಆರಂಭವಾಗಿ ತೋರಿಸಿತು. ಕೊಪೊಲಾ ಅವರ ಕಿರಿಯ ಸಹವರ್ತಿಯಾಗಿ ಚಿತ್ರರಂಗಕ್ಕೆ ಬಂದ ಜಾರ್ಜ್ ಲ್ಯೂಕಾಸ್ ಅವರು ಮುಂದೆ ಬಾಹ್ಯಾಕಾಶದ ಕಥೆಯಲ್ಲಿ ಇಂತಹುದೇ ಹಾದಿಯನ್ನು ಹಿಡಿದುದು ಗಮನಾರ್ಹ.

೨. ಒಡೆತನ ಮತ್ತು ಹೊಣೆ

'ಸ್ಟಾರ್ ವಾರ್ಸ್' ೧೯೭೭ರ ಮೇ ೨೫ರಂದು ಬಿಡುಗಡೆಯಾಯಿತು. ಲ್ಯೂಕಾಸ್ ಅವರಿಗೆ ಮೊದಲು 'ಫ್ಲಾಶ್ ಗಾರ್ಡನ್' ಕಥೆಯನ್ನೇ ಚಿತ್ರವಾಗಿಸುವ ಆಸೆಯಿತ್ತು. ಅದರ ಹಕ್ಕು ದೊರೆಯದ ಕಾರಣ ತಮ್ಮದೇ ಆದ ಲೋಕವನ್ನು ಕಲ್ಪಿಸಿದರು. ಹಳೆಯ ಧಾರಾವಾಹಿಗಳಲ್ಲಿ ಹಿಂದಿನ ಕಂತಿನ ಸಾರಾಂಶವನ್ನು ಹೇಳುತ್ತ ಮೇಲಕ್ಕೆ ಸರಿಯುತ್ತಿದ್ದ ಅಕ್ಷರಗಳು ಈ ಚಿತ್ರದ ಆರಂಭದಲ್ಲಿಯೂ ಕಾಣಿಸಿಕೊಂಡವು. ಸುಮಾರು ೧ ಕೋಟಿ ೧೦ ಲಕ್ಷ ಡಾಲರ್ ವೆಚ್ಚದ ಈ ಚಿತ್ರ ಅಲ್ಲಿಯವರೆಗಿನ ಗಳಿಕೆಯ ದಾಖಲೆಗಳನ್ನು ಮುರಿಯಿತು.

ಇಲ್ಲಿ ಇತಿಹಾಸದ ದೃಷ್ಟಿಯಿಂದ ಮುಖ್ಯವಾದುದು ಚಿತ್ರಕ್ಕೆ ಮುನ್ನ ಆದ ಕರಾರು. ೧೯೭೩ರ 'ಅಮೆರಿಕನ್ ಗ್ರಾಫಿಟಿ' ಚಿತ್ರದ ಗೆಲುವಿನ ಬಳಿಕ ಲ್ಯೂಕಾಸ್ ಹೆಚ್ಚಿನ ಸಂಭಾವನೆಯನ್ನು ಕೇಳಬಹುದಾಗಿತ್ತು. ಅದರ ಬದಲು ಅವರು ಉತ್ತರಭಾಗಗಳ ಹಕ್ಕನ್ನೂ ಚಿತ್ರಕ್ಕೆ ಸಂಬಂಧಿಸಿದ ಸರಕುಗಳ ಹಕ್ಕನ್ನೂ ಕೇಳಿ ಪಡೆದರು. ಆ ಕಾಲದಲ್ಲಿ ಫಾಕ್ಸ್ ಸಂಸ್ಥೆಗೆ ಇವು ದೊಡ್ಡ ಬೆಲೆಯವೆಂದು ತೋರಲಿಲ್ಲ. 'ಏಪ್ಸ್' ಸರಣಿಯ ಅನುಭವವಿದ್ದ ಸಂಸ್ಥೆ ಉತ್ತರಭಾಗವೆಂದರೆ ಇಳಿಮುಖದ ಗಳಿಕೆ ಎಂದು ಭಾವಿಸಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ೧೯೭೭ರ ಕ್ರಿಸ್‌ಮಸ್ ವೇಳೆಗೆ ಸ್ಟಾರ್ ವಾರ್ಸ್ ಆಟಿಕೆಗಳಿಗೆ ಎಷ್ಟು ಬೇಡಿಕೆ ಬಂದಿತೆಂದರೆ, ಬೊಂಬೆಗಳು ಇನ್ನೂ ಸಿದ್ಧವಾಗಿರದ ಕಾರಣ ಕೆನ್ನರ್ ಕಂಪನಿ ಅವುಗಳನ್ನು ಮುಂದೆ ಪಡೆಯುವ ಚೀಟಿಯನ್ನಿಟ್ಟ ಪೊಟ್ಟಣಗಳನ್ನೇ ಮಾರಿತು.

ಚಿತ್ರದ ಗೆಲುವು ಅನಿರೀಕ್ಷಿತವಾಗಿತ್ತೆಂಬುದಕ್ಕೆ ಇನ್ನೊಂದು ಸಾಕ್ಷ್ಯವಿದೆ. ೧೯೭೮ರಲ್ಲಿ ಪ್ರಕಟವಾದ ಆಲನ್ ಡೀನ್ ಫಾಸ್ಟರ್ ಅವರ 'ಸ್ಪ್ಲಿಂಟರ್ ಆಫ್ ದಿ ಮೈಂಡ್ಸ್ ಐ' ಕಾದಂಬರಿಯನ್ನು ಬರೆಸಿದ ಉದ್ದೇಶವೇ ಕಡಿಮೆ ವೆಚ್ಚದ ಉತ್ತರಭಾಗವೊಂದಕ್ಕೆ ಕಥೆಯನ್ನು ಸಿದ್ಧವಾಗಿಟ್ಟುಕೊಳ್ಳುವುದಾಗಿತ್ತು. ಮೊದಲ ಚಿತ್ರ ಸಾಧಾರಣವಾಗಿ ಓಡಿದ್ದರೆ ಬಹುಶಃ ಆ ಕಥೆಯೇ ತೆರೆಗೆ ಬರುತ್ತಿತ್ತು. ಅಂದರೆ 'ಏಪ್ಸ್' ಸರಣಿಯ ಹಾದಿ ಲ್ಯೂಕಾಸ್ ಅವರ ಮುಂದೆಯೂ ತೆರೆದಿತ್ತು.

ಅವರು ಆರಿಸಿಕೊಂಡದ್ದು ಬೇರೆ ಹಾದಿಯನ್ನು. ಎರಡನೆಯ ಚಿತ್ರಕ್ಕೆ ಫಾಕ್ಸ್ ಸಂಸ್ಥೆಯ ಬಂಡವಾಳವನ್ನು ಪಡೆಯದೆ ತಮ್ಮ ಗಳಿಕೆಯನ್ನೇ ಆಧಾರವಾಗಿಟ್ಟು ಬ್ಯಾಂಕಿನಿಂದ ಸಾಲ ಪಡೆದರು. ಫಾಕ್ಸ್ ಕೇವಲ ವಿತರಕ ಸಂಸ್ಥೆಯಾಯಿತು. ಸುಮಾರು ೧ ಕೋಟಿ ೮೦ ಲಕ್ಷ ಡಾಲರ್ ಎಂದು ಅಂದಾಜಾಗಿದ್ದ ವೆಚ್ಚ ಚಿತ್ರೀಕರಣ ಮುಗಿಯುವ ವೇಳೆಗೆ ೩ ಕೋಟಿಯನ್ನು ದಾಟುವ ಹಂತಕ್ಕೆ ಬಂತು. ಸಾಲ ನೀಡಿದ್ದ ಬ್ಯಾಂಕು ನಡುವೆ ಹಿಂದೆ ಸರಿದಾಗ ಬಾಸ್ಟನ್ನಿನ ಬ್ಯಾಂಕೊಂದು ಮುಂದೆ ಬಂತು. ಕೊನೆಗೆ ಫಾಕ್ಸ್ ಸಂಸ್ಥೆಯ ಜಾಮೀನು ಬೇಕಾಯಿತು. ಅದಕ್ಕೆ ಪ್ರತಿಯಾಗಿ ಲ್ಯೂಕಾಸ್ ಕೆಲವು ಷರತ್ತುಗಳನ್ನು ಒಪ್ಪಬೇಕಾಯಿತು. ಚಿತ್ರ ಸೋತಿದ್ದರೆ ಮೊದಲ ಚಿತ್ರದಿಂದ ದೊರೆತ ಸಂಪತ್ತು ಕರಗುವುದರ ಜೊತೆಗೆ, ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಅವರು ಕಟ್ಟಲು ಹೊರಟಿದ್ದ ಸ್ವತಂತ್ರ ಚಿತ್ರಕೇಂದ್ರದ ಕನಸೂ ಮುಗಿಯುತ್ತಿತ್ತು. ಇಂತಹ ಸ್ಥಿತಿಯಲ್ಲಿರುವವರು ಮೊದಲ ಚಿತ್ರದಂತಹುದನ್ನೇ ಮತ್ತೆ ಮಾಡಿ ಕ್ಷೇಮವಾಗಿರಲು ಬಯಸುವುದು ಸಹಜ. ಆದರೆ ಸಿದ್ಧವಾದ ಚಿತ್ರ ಹಾಗಿರಲಿಲ್ಲ.

೩. ಕಥೆಯ ತಿರುವು

ನಿರ್ದೇಶನದ ಹೊಣೆಯನ್ನು ಲ್ಯೂಕಾಸ್ ತಾವು ವಹಿಸಲಿಲ್ಲ. ಚಿತ್ರಕಲಿಕೆಯ ದಿನಗಳಲ್ಲಿ ತಮಗೆ ಪಾಠ ಹೇಳಿದ್ದ ಇರ್ವಿನ್ ಕರ್ಶ್ನರ್ ಅವರನ್ನು ಆ ಕೆಲಸಕ್ಕೆ ಒಪ್ಪಿಸಿದರು. ಕರ್ಶ್ನರ್ ಭಾರೀ ದೃಶ್ಯವೈಭವದ ಚಿತ್ರಗಳಿಗೆ ಹೆಸರಾದವರಲ್ಲ. ಪಾತ್ರಗಳ ಒಳತೋಟಿಗಳಲ್ಲಿ ಆಸಕ್ತಿಯಿದ್ದ ನಿರ್ದೇಶಕರು. ಚಿತ್ರಕಥೆಯ ಮೊದಲ ಕರಡನ್ನು ಲೀ ಬ್ರಾಕೆಟ್ ಬರೆದರು. ವಿಜ್ಞಾನ ಕಾದಂಬರಿಗಾರ್ತಿಯಾಗಿ ಹೆಸರು ಮಾಡಿದ್ದ ಅವರು 'ದಿ ಬಿಗ್ ಸ್ಲೀಪ್' (೧೯೪೬), 'ರಿಯೊ ಬ್ರಾವೊ' (೧೯೫೯) ಚಿತ್ರಗಳ ಚಿತ್ರಕಥೆಯಲ್ಲಿಯೂ ಪಾಲುಗೊಂಡಿದ್ದರು. ಕರಡನ್ನು ಒಪ್ಪಿಸಿದ ಕೆಲವೇ ವಾರಗಳಲ್ಲಿ, ೧೯೭೮ರ ಮಾರ್ಚ್‌ನಲ್ಲಿ, ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ಬಳಿಕ ಲ್ಯೂಕಾಸ್ ತಾವೇ ಕರಡನ್ನು ತಿದ್ದಿ ಬರೆದರು. ಕೊನೆಯ ರೂಪವನ್ನು ಕೊಟ್ಟವರು ಲಾರೆನ್ಸ್ ಕ್ಯಾಸ್ಡನ್.

ಬ್ರಾಕೆಟ್ ಅವರ ಕರಡಿನಲ್ಲಿ ನಾಯಕ ಲ್ಯೂಕ್ ಸ್ಕೈವಾಕರ್‌ನ ಮೃತ ತಂದೆ ಚೇತನರೂಪದಲ್ಲಿ ಮಗನ ಮುಂದೆ ಕಾಣಿಸಿಕೊಳ್ಳುತ್ತಾನೆ. ಖಳನಾದ ಡಾರ್ತ್ ವೇಡರ್ ಬೇರೆಯೇ ವ್ಯಕ್ತಿ. ಲ್ಯೂಕಾಸ್ ಅವರ ಮರುಬರಹದಲ್ಲಿ ಈ ಇಬ್ಬರೂ ಒಬ್ಬನೇ ಆದರು. ಈ ಸಂಗತಿಯ ಮಹತ್ವವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಇಂದು ಲೋಕಪ್ರಸಿದ್ಧವಾಗಿರುವ ಆ ತಿರುವು ೧೯೭೭ರ ಚಿತ್ರದಲ್ಲಿ ಬೀಜರೂಪದಲ್ಲಿ ಅಡಗಿದ್ದುದಲ್ಲ. ಮೊದಲ ಚಿತ್ರ ಬಿಟ್ಟುಹೋಗಿದ್ದ ಒಂದು ತೆರವನ್ನು ಕಂಡುಕೊಂಡು ಎರಡನೆಯದು ಅಲ್ಲಿ ನೆಟ್ಟದ್ದು. ಮೊದಲ ಚಿತ್ರದಲ್ಲಿ ವೃದ್ಧ ಗುರು ಓಬಿ-ವಾನ್, ಲ್ಯೂಕ್‌ನ ತಂದೆಯನ್ನು ವೇಡರ್ ಕೊಂದನೆಂದು ಹೇಳುತ್ತಾನೆ. ಪ್ರೇಕ್ಷಕರು ಆ ಮಾತನ್ನು ನಂಬಿದ್ದರು. ಎರಡನೆಯ ಚಿತ್ರದ ಕೊನೆಯಲ್ಲಿ ವೇಡರ್ ತಾನೇ ಆ ತಂದೆಯೆಂದು ಹೇಳಿದಾಗ ಹಿಂದಿನ ಚಿತ್ರದ ಆ ದೃಶ್ಯವೇ ಬದಲಾಗುತ್ತದೆ. ಗುರುವಿನ ಮಾತು ಅರ್ಧಸತ್ಯವಾಗುತ್ತದೆ, ಶತ್ರುವಿನ ಮೇಲಿನ ದ್ವೇಷ ತನ್ನದೇ ರಕ್ತದ ಮೇಲಿನ ದ್ವೇಷವಾಗುತ್ತದೆ, ಮೊದಲ ಚಿತ್ರದ ಸರಳವಾದ ವಿಜಯಕ್ಕೆ ಕಳಂಕ ಅಂಟಿಕೊಳ್ಳುತ್ತದೆ.

ಕನ್ನಡ ಕಾವ್ಯಪರಂಪರೆಯನ್ನು ಬಲ್ಲವರಿಗೆ ಇಂತಹ ಸನ್ನಿವೇಶ ಅಪರಿಚಿತವಲ್ಲ. ಯುದ್ಧಕ್ಕೆ ಮುನ್ನ ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುವ ಪ್ರಸಂಗ ಕುಮಾರವ್ಯಾಸನಲ್ಲಿ ಕರುಣರಸದ ಶಿಖರವಾಗಿದೆ. ಲಕ್ಷ್ಮೀಶನ 'ಜೈಮಿನಿ ಭಾರತ'ದಲ್ಲಿ ಬಭ್ರುವಾಹನನು ತಂದೆಯೆಂದು ತಿಳಿದು ವಿನಯದಿಂದ ಬಂದರೂ ಅರ್ಜುನ ಅವನನ್ನು ಹೀಗಳೆಯುತ್ತಾನೆ. ಅದರ ಫಲ ತಂದೆಮಕ್ಕಳ ಕಾಳಗ. ಆದರೆ ಇಲ್ಲಿ ಒಂದು ಮುಖ್ಯವಾದ ವ್ಯತ್ಯಾಸವಿದೆ. ಕರ್ಣನು ಯಾರೆಂಬುದು ಅವನಿಗೆ ತಿಳಿಯದಿದ್ದರೂ ಕೇಳುಗರಿಗೆ ಮೊದಲಿನಿಂದ ತಿಳಿದಿರುತ್ತದೆ. ಬಭ್ರುವಾಹನನ ವಿಷಯವೂ ಅಷ್ಟೆ. ಆದ್ದರಿಂದ ನಮ್ಮ ಕಾವ್ಯಗಳಲ್ಲಿ ಕೇಳುಗರು ಪಾತ್ರದ ಬಗ್ಗೆ ಮರುಗುತ್ತಾರೆ. 'ಎಂಪೈರ್' ಚಿತ್ರದಲ್ಲಿ ಪ್ರೇಕ್ಷಕರಿಗೂ ಲ್ಯೂಕ್‌ಗೂ ಸತ್ಯ ಒಂದೇ ಘಳಿಗೆಯಲ್ಲಿ ತಿಳಿಯುತ್ತದೆ. ಮೂರು ವರ್ಷಗಳಿಂದ ನಂಬಿದ್ದ ಕಥೆ ಸುಳ್ಳಾದ ನೋವು ಇಬ್ಬರದೂ ಆಗುತ್ತದೆ. ಎರಡು ಚಿತ್ರಗಳ ನಡುವೆ ಕಳೆದ ಕಾಲವೇ ಇಲ್ಲಿ ಕಥನದ ಸಾಧನವಾಗಿದೆ. ಒಂದೇ ಚಿತ್ರದೊಳಗೆ ಹೇಳಿದ್ದರೆ ಈ ಪರಿಣಾಮ ಸಾಧ್ಯವಿರಲಿಲ್ಲ. ಉತ್ತರಭಾಗಕ್ಕೆ ಮಾತ್ರ ಸಾಧ್ಯವಾದ ಕೆಲಸವೊಂದನ್ನು ಈ ಚಿತ್ರ ಹೀಗೆ ಕಂಡುಕೊಂಡಿತು.

ಆ ಪರಿಣಾಮವನ್ನು ಕಾಪಾಡಲು ವಹಿಸಿದ ಎಚ್ಚರವೂ ಅಷ್ಟೇ ದೊಡ್ಡದು. ವೇಡರ್‌ನ ಉಡುಪು ತೊಟ್ಟು ಅಭಿನಯಿಸಿದ ಡೇವಿಡ್ ಪ್ರೌಸ್ ಅವರಿಗೆ ಚಿತ್ರೀಕರಣದಲ್ಲಿ ಬೇರೊಂದು ಮಾತನ್ನು ಕೊಡಲಾಗಿತ್ತು. ಅದರ ಪ್ರಕಾರ ಲ್ಯೂಕ್‌ನ ತಂದೆಯನ್ನು ಕೊಂದವನು ಓಬಿ-ವಾನ್. ಲ್ಯೂಕ್ ಪಾತ್ರದ ಮಾರ್ಕ್ ಹ್ಯಾಮಿಲ್ ಅವರಿಗೆ ಮಾತ್ರ ಕರ್ಶ್ನರ್ ಚಿತ್ರೀಕರಣಕ್ಕೆ ಸ್ವಲ್ಪ ಮುನ್ನ ನಿಜವನ್ನು ತಿಳಿಸಿದರು. ವೇಡರ್‌ಗೆ ಕಂಠದಾನ ಮಾಡಿದ ಜೇಮ್ಸ್ ಅರ್ಲ್ ಜೋನ್ಸ್ ಅವರ ದನಿಯಲ್ಲಿ ನಿಜವಾದ ಮಾತನ್ನು ಆ ಮೇಲೆ ಸೇರಿಸಲಾಯಿತು.

೪. ರಚನೆಯಲ್ಲಿ ವಿಪರ್ಯಾಸ

ಕಥೆಯ ಈ ಒಂದು ತಿರುವಿನಿಂದಲೇ ಚಿತ್ರ ಗೆದ್ದಿತೆಂದು ಹೇಳುವುದು ಸರಿಯಾಗದು. ತಿರುವಿಗೆ ಬೇಕಾದ ನೆಲವನ್ನು ಇಡೀ ಚಿತ್ರದ ರಚನೆ ಸಿದ್ಧಪಡಿಸುತ್ತದೆ. ಮೊದಲ ಚಿತ್ರದಲ್ಲಿ ದೊಡ್ಡ ಯುದ್ಧ ಕೊನೆಯಲ್ಲಿ ಬರುತ್ತದೆ. ಬಂಡಾಯಗಾರರು ಗೆಲ್ಲುತ್ತಾರೆ, ವೀರರಿಗೆ ಪದಕ ಪ್ರದಾನವಾಗುತ್ತದೆ. ಎರಡನೆಯದರಲ್ಲಿ ದೊಡ್ಡ ಯುದ್ಧ ಆರಂಭದಲ್ಲಿಯೇ ಮುಗಿಯುತ್ತದೆ, ಅದೂ ಸೋಲಿನಲ್ಲಿ. ಹಾತ್ ಎಂಬ ಹಿಮಗ್ರಹದ ನೆಲೆಯನ್ನು ಬಿಟ್ಟು ಬಂಡಾಯಗಾರರು ಚದುರುತ್ತಾರೆ. ಮೊದಲ ಚಿತ್ರದುದ್ದಕ್ಕೂ ಒಂದುಗೂಡುತ್ತ ಬಂದ ಗೆಳೆಯರು ಇಲ್ಲಿ ಬೇರ್ಪಡುತ್ತಾರೆ. ಅಲ್ಲಿಂದ ಮುಂದೆ ಚಿತ್ರದ ಕ್ಷೇತ್ರ ಕಿರಿದಾಗುತ್ತ, ಸೈನ್ಯಗಳ ಕಾಳಗದಿಂದ ಇಬ್ಬರ ಕಾಳಗಕ್ಕೆ, ಕೊನೆಗೆ ಒಂದು ಮಾತಿಗೆ ಬಂದು ನಿಲ್ಲುತ್ತದೆ.

ಲ್ಯೂಕ್‌ನ ಶಿಕ್ಷಣದ ಭಾಗವೂ ಹೀಗೆಯೇ ಇದೆ. ಮೊದಲ ಚಿತ್ರದಲ್ಲಿ ಅಂತರಂಗದ ಶಕ್ತಿಯನ್ನು ನಂಬಿದೊಡನೆ ಅವನ ಗುರಿ ತಪ್ಪದೆ ಮುಟ್ಟುತ್ತದೆ. ಎರಡನೆಯದರಲ್ಲಿ ಯೋಡಾ ಎಂಬ ಪುಟ್ಟ ದೇಹದ ಗುರುವಿನ ಬಳಿ ಅವನು ಮತ್ತೆಮತ್ತೆ ಸೋಲುತ್ತಾನೆ. ಗುಹೆಯೊಂದರಲ್ಲಿ ವೇಡರ್‌ನ ಛಾಯೆಯನ್ನು ಕಡಿದಾಗ ಮುಖವಾಡದ ಹಿಂದೆ ಅವನಿಗೆ ತನ್ನದೇ ಮುಖ ಕಾಣುತ್ತದೆ. ಮುಂದಿನ ರಹಸ್ಯದ ಸೂಚನೆ ಇಲ್ಲಿಯೇ ಇದೆ. ಶಿಕ್ಷಣವನ್ನು ಪೂರೈಸದೆ ಗೆಳೆಯರನ್ನು ಉಳಿಸಲು ಹೊರಟ ಲ್ಯೂಕ್ ಅವರನ್ನು ಉಳಿಸಲಾರ. ತನ್ನ ಬಲಗೈಯನ್ನೂ ಕಳೆದುಕೊಳ್ಳುತ್ತಾನೆ. ಹಾನ್ ಸೋಲೋ ಶೈತ್ಯೀಕೃತನಾಗಿ ಶತ್ರುಗಳ ವಶವಾಗುತ್ತಾನೆ. ಹ್ಯಾರಿಸನ್ ಫೋರ್ಡ್ ಮೂರನೆಯ ಚಿತ್ರಕ್ಕೆ ಕರಾರು ಮಾಡಿಕೊಂಡಿರಲಿಲ್ಲವಾದ್ದರಿಂದ ಅವರ ಪಾತ್ರವನ್ನು ಬದುಕು ಸಾವುಗಳ ನಡುವೆ ಇರಿಸುವುದು ಅನುಕೂಲವಾಗಿತ್ತು. ವ್ಯವಹಾರದ ಒಂದು ಅನಿಶ್ಚಯ ಹೀಗೆ ಕಥೆಯ ಅನಿಶ್ಚಯವಾಗಿ ಮಾರ್ಪಟ್ಟಿತು.

ತಂತ್ರಜ್ಞಾನದಲ್ಲಿಯೂ ಹಳೆಯದನ್ನು ಪುನರಾವರ್ತಿಸುವ ಸುಲಭದ ದಾರಿಯನ್ನು ತುಳಿಯಲಿಲ್ಲ. ಬೇರೆಬೇರೆಯಾಗಿ ಚಿತ್ರೀಕರಿಸಿದ ಮಾದರಿ ನೌಕೆಗಳನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸುವಾಗ ಅಂಚುಗಳಲ್ಲಿ ಗೆರೆಗಳು ಕಾಣಿಸಿಕೊಳ್ಳುತ್ತವೆ. ಮೊದಲ ಚಿತ್ರದಲ್ಲಿ ಬಾಹ್ಯಾಕಾಶದ ಕಪ್ಪು ಹಿನ್ನೆಲೆ ಅವುಗಳನ್ನು ಬಹುಮಟ್ಟಿಗೆ ಮರೆಸುತ್ತಿತ್ತು. ಹಿಮದ ಬಿಳುಪಿನಲ್ಲಿ ಅಂತಹ ಮರೆ ಇಲ್ಲ. ಅಲ್ಲಿಯೇ ದೊಡ್ಡ ಯುದ್ಧವನ್ನು ಇಟ್ಟುದರಿಂದ ಸ್ಯಾನ್ ರಫೆಲ್‌ಗೆ ಸ್ಥಳಾಂತರಗೊಂಡಿದ್ದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯ ತಂತ್ರಜ್ಞರು ಹೊಸ ಸಂಯೋಜನಾ ಯಂತ್ರವನ್ನು ರೂಪಿಸಬೇಕಾಯಿತು. ನಾಲ್ಕು ಕಾಲಿನ ದೈತ್ಯ ಯುದ್ಧಯಂತ್ರಗಳ ಮಾದರಿಗಳನ್ನು ಚೌಕಟ್ಟಿಗೊಮ್ಮೆ ಕೈಯಿಂದ ಕದಲಿಸಿ ಚಿತ್ರೀಕರಿಸಿದರು. ಹೊರಾಂಗಣ ಚಿತ್ರೀಕರಣ ೧೯೭೯ರ ಮಾರ್ಚ್‌ನಲ್ಲಿ ನಾರ್ವೆಯ ಫಿನ್ಸೆಯಲ್ಲಿ ಆರಂಭವಾಯಿತು. ಸಮುದ್ರಮಟ್ಟದಿಂದ ೧,೨೨೨ ಮೀಟರ್ ಎತ್ತರದ ಆ ರೈಲುನಿಲ್ದಾಣದ ಊರಿನಲ್ಲಿ ಹಿಮಬಿರುಗಾಳಿ ಎಷ್ಟು ಜೋರಾಗಿತ್ತೆಂದರೆ, ಲ್ಯೂಕ್ ಹಿಮದಲ್ಲಿ ತತ್ತರಿಸುವ ದೃಶ್ಯವನ್ನು ತಂಡ ತಂಗಿದ್ದ ಹೋಟೆಲಿನ ಬಾಗಿಲಲ್ಲಿ ಕ್ಯಾಮೆರಾ ಇಟ್ಟು ತೆಗೆದರು. ಯೋಡಾ ಕೈಯಿಂದ ಆಡಿಸುವ ಬೊಂಬೆ. ಬೊಂಬೆಯಾಡಿಸುವ ಫ್ರಾಂಕ್ ಆಜ್ ಮತ್ತು ಸಂಗಡಿಗರು ಕೆಳಗೆ ನಿಲ್ಲುವಂತೆ ಇಡೀ ರಂಗಸಜ್ಜನ್ನು ನೆಲದಿಂದ ಎತ್ತರಿಸಿ ಕಟ್ಟಲಾಯಿತು. ಚಿತ್ರದ ತಾತ್ವಿಕ ಭಾರವನ್ನೆಲ್ಲ ಒಂದು ಬೊಂಬೆಯ ಮೇಲೆ ಹೊರಿಸಿದ್ದು ಸಣ್ಣ ಸಾಹಸವಲ್ಲ. ಪ್ರೇಕ್ಷಕರು ಅದನ್ನು ಕಂಡು ನಕ್ಕಿದ್ದರೆ ಚಿತ್ರ ಕುಸಿಯುತ್ತಿತ್ತು. ಜಾನ್ ವಿಲಿಯಮ್ಸ್ ಅವರ ಸಂಗೀತದಲ್ಲಿ ಇಂದು ವೇಡರ್‌ನ ಗುರುತಾಗಿರುವ ಮೆರವಣಿಗೆಯ ವಾದ್ಯಗೀತೆ ಮೊದಲ ಚಿತ್ರದಲ್ಲಿ ಇರಲೇ ಇಲ್ಲ. ಅದು ಸೇರಿದ್ದು ಈ ಎರಡನೆಯ ಚಿತ್ರದಲ್ಲಿ.

೫. ಸ್ವೀಕಾರ

ಚಿತ್ರ ೧೯೮೦ರ ಮೇ ೨೧ರಂದು ಬಿಡುಗಡೆಯಾಗಿ ಆ ವರ್ಷದ ಅತಿ ಹೆಚ್ಚು ಗಳಿಕೆಯ ಚಿತ್ರವಾಯಿತು. ಕೆಲವೇ ತಿಂಗಳುಗಳಲ್ಲಿ ಲ್ಯೂಕಾಸ್ ಹಾಕಿದ ಹಣ ಹಿಂದಿರುಗಿತು. ಆದರೆ ಮೊದಲ ಬಿಡುಗಡೆಯ ಗಳಿಕೆಯಲ್ಲಿ ಅದು 'ಸ್ಟಾರ್ ವಾರ್ಸ್' ಚಿತ್ರವನ್ನು ಮೀರಲಿಲ್ಲ. ವಿಮರ್ಶಕರ ಅಭಿಪ್ರಾಯವೂ ಏಕರೂಪವಾಗಿರಲಿಲ್ಲ. 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ವಿನ್ಸೆಂಟ್ ಕ್ಯಾನ್‌ಬಿ ಅವರು ಇದಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ, ಇದು ಧಾರಾವಾಹಿಯ ಇನ್ನೊಂದು ಅಧ್ಯಾಯವಷ್ಟೇ ಎಂಬ ಅರ್ಥದಲ್ಲಿ ಆಕ್ಷೇಪಿಸಿದರು. ಇಂದು ಈ ಚಿತ್ರದ ಗುಣವೆಂದು ಪರಿಗಣಿತವಾಗಿರುವ ಅಂಶವೇ ಅಂದು ದೋಷವಾಗಿ ಕಂಡಿತ್ತು. ಕಾಲ ಕಳೆದಂತೆ ಅಭಿಪ್ರಾಯ ಬದಲಾಯಿತು. ೨೦೧೦ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಈ ಚಿತ್ರವನ್ನು ಸೇರಿಸಲಾಯಿತು. ಮೊದಲ ಚಿತ್ರ ೧೯೮೯ರಲ್ಲಿಯೇ ಸೇರಿತ್ತು.

ಇದರೊಡನೆ ಸಂಬಂಧಿಸಿದ ಒಂದು ಪುಟ್ಟ ಬದಲಾವಣೆ ಇತಿಹಾಸಕಾರರಿಗೆ ಮಹತ್ವದ್ದು. 'ಎಂಪೈರ್' ತೆರೆಯ ಮೇಲೆ ಬಂದಾಗ ಅದರ ಆರಂಭದ ಅಕ್ಷರಗಳಲ್ಲಿ 'ಐದನೆಯ ಅಧ್ಯಾಯ' ಎಂದಿತ್ತು. ಮೊದಲ ಚಿತ್ರಕ್ಕೆ ೧೯೭೭ರಲ್ಲಿ ಅಂತಹ ಅಂಕಿಯೇ ಇರಲಿಲ್ಲ. ೧೯೮೧ರ ಏಪ್ರಿಲ್‌ನಲ್ಲಿ ಅದನ್ನು ಮತ್ತೆ ಬಿಡುಗಡೆ ಮಾಡಿದಾಗ 'ನಾಲ್ಕನೆಯ ಅಧ್ಯಾಯ' ಎಂಬ ಅಂಕಿಯನ್ನೂ ಹೊಸ ಉಪಶೀರ್ಷಿಕೆಯನ್ನೂ ಸೇರಿಸಲಾಯಿತು. ಉತ್ತರಭಾಗ ಪೂರ್ವಭಾಗದ ಅರ್ಥವನ್ನಷ್ಟೇ ಅಲ್ಲ, ಅದರ ಪಠ್ಯವನ್ನೂ ತಿದ್ದಿತು. ಸ್ವತಂತ್ರವಾಗಿ ಹುಟ್ಟಿದ್ದ ಒಂದು ಚಿತ್ರ ಎರಡನೆಯದರ ನಂತರವೇ ಮಹಾಕಥನವೊಂದರ ಪರ್ವವಾಯಿತು.

ಚಿತ್ರದ ಆರಂಭದಲ್ಲಿ ನಿರ್ದೇಶಕರ ಹೆಸರನ್ನು ಹಾಕದೆ ಕೊನೆಗೆ ಇಟ್ಟುದಕ್ಕಾಗಿ ಅಮೆರಿಕದ ನಿರ್ದೇಶಕರ ಸಂಘ ದಂಡ ವಿಧಿಸಿತು. ಲ್ಯೂಕಾಸ್ ದಂಡವನ್ನು ತೆತ್ತು ಸಂಘದಿಂದಲೇ ಹೊರಬಂದರು. ಗೆದ್ದ ಸ್ವಾತಂತ್ರ್ಯಕ್ಕೂ ಬೆಲೆಯಿತ್ತೆಂಬುದನ್ನು ಈ ಪ್ರಸಂಗ ತಿಳಿಸುತ್ತದೆ.

೬. ಇತರ ನಿದರ್ಶನಗಳು ಮತ್ತು ಮಿತಿಗಳು

'ಎಂಪೈರ್' ಕುರಿತು ಹೇಳಿದ ಮಾತು ಇತರ ಉತ್ತರಭಾಗಗಳಿಗೆ ಎಷ್ಟು ಅನ್ವಯಿಸುತ್ತದೆಂದು ನೋಡಬೇಕು. ೧೯೭೯ರ 'ಏಲಿಯನ್' ಚಿತ್ರಕ್ಕೆ ಜೇಮ್ಸ್ ಕ್ಯಾಮೆರಾನ್ ೧೯೮೬ರಲ್ಲಿ 'ಏಲಿಯನ್ಸ್' ಎಂಬ ಉತ್ತರಭಾಗವನ್ನು ಮಾಡಿದರು. ಮೊದಲ ಚಿತ್ರದಲ್ಲಿ ಬದುಕಿ ಉಳಿದ ರಿಪ್ಲಿ ೫೭ ವರ್ಷ ನಿದ್ರೆಯಲ್ಲಿ ತೇಲಿ ಎಚ್ಚರಗೊಳ್ಳುತ್ತಾಳೆ. ಬದುಕಿದ್ದೇ ಗೆಲುವು ಎಂದು ಮೊದಲ ಚಿತ್ರ ಹೇಳಿದ್ದರೆ, ಆ ಬದುಕಿಗೆ ತೆತ್ತ ಬೆಲೆಯೇನು ಎಂದು ಎರಡನೆಯದು ಕೇಳಿತು. ಆ ಪಾತ್ರಕ್ಕಾಗಿ ಸಿಗೋರ್ನಿ ವೀವರ್ ಅತ್ಯುತ್ತಮ ನಟಿಯ ಆಸ್ಕರ್ ನಾಮನಿರ್ದೇಶನ ಪಡೆದರು. ಕ್ಯಾಮೆರಾನ್ ಅವರದೇ 'ಟರ್ಮಿನೇಟರ್' (೧೯೮೪) ಸುಮಾರು ೬೪ ಲಕ್ಷ ಡಾಲರಿನ ಚಿತ್ರ; ಅದರ ಉತ್ತರಭಾಗಕ್ಕೆ (೧೯೯೧) ಸುಮಾರು ೧೦ ಕೋಟಿ ಡಾಲರ್ ವೆಚ್ಚವಾಯಿತು. ಮೊದಲ ಚಿತ್ರದಲ್ಲಿ ಕೊಲ್ಲಲು ಬಂದ ಯಂತ್ರದ ರೂಪವೇ ಎರಡನೆಯದರಲ್ಲಿ ಕಾಪಾಡಲು ಬರುತ್ತದೆ. ಅದೇ ಮುಖವನ್ನು ಕಂಡು ತಾಯಿ ಬೆದರುವ ದೃಶ್ಯಕ್ಕೆ ಬಲ ಬರುವುದು ಮೊದಲ ಚಿತ್ರದ ನೆನಪಿನಿಂದ.

ತೀರ ಈಚಿನ ನಿದರ್ಶನವೆಂದರೆ ಡೆನಿ ವಿಲ್ನೂವ್ ಅವರ 'ಡ್ಯೂನ್'. ಫ್ರಾಂಕ್ ಹರ್ಬರ್ಟ್ ಅವರ ೧೯೬೫ರ ಕಾದಂಬರಿಯ ಮೊದಲರ್ಧ ೨೦೨೧ರಲ್ಲಿ ಚಿತ್ರವಾಯಿತು. ಎರಡನೆಯ ಭಾಗಕ್ಕೆ ನಿರ್ಮಾಪಕರ ಒಪ್ಪಿಗೆ ದೊರೆತದ್ದು ಮೊದಲನೆಯದು ತೆರೆಕಂಡ ಬಳಿಕವೇ. ೨೦೨೪ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಅದು ಜಗತ್ತಿನಾದ್ಯಂತ ೭೦ ಕೋಟಿ ಡಾಲರಿಗೂ ಹೆಚ್ಚು ಗಳಿಸಿ ಮೊದಲ ಭಾಗವನ್ನು ಮೀರಿತು. ನಾಯಕ ಪಾಲ್ ಯುದ್ಧದಲ್ಲಿ ಗೆಲ್ಲುತ್ತಾನೆ. ಆದರೆ ಚಿತ್ರ ಮುಗಿಯುವುದು ಅವನ ಪಟ್ಟದ ವೈಭವದಲ್ಲಲ್ಲ, ಅವನನ್ನು ಒಲ್ಲದೆ ಹೊರಟುಹೋಗುವ ಚಾನಿಯ ಮುಖದಲ್ಲಿ. ಕಾದಂಬರಿಯಲ್ಲಿ ಇಷ್ಟು ಪ್ರಖರವಾಗಿರದ ಅವಳ ವಿರೋಧವನ್ನು ಚಿತ್ರ ಬೆಳೆಸಿದೆ. ಮೊದಲ ಭಾಗದಲ್ಲಿ ಪ್ರೇಕ್ಷಕರು ಹಾರೈಸಿದ ಉದ್ಧಾರಕನ ಆಗಮನವನ್ನೇ ಎರಡನೆಯ ಭಾಗ ಸಂಶಯಕ್ಕೆ ಗುರಿಮಾಡುತ್ತದೆ.

ಈ ವಾದಕ್ಕೆ ಮಿತಿಗಳೂ ಇವೆ. ಅರ್ಥವನ್ನು ಮರುನೋಡುವ ಎಲ್ಲ ಉತ್ತರಭಾಗಗಳೂ ಗಲ್ಲಾಪೆಟ್ಟಿಗೆಯಲ್ಲಿ ಗೆದ್ದಿಲ್ಲ. ವಿಲ್ನೂವ್ ಅವರದೇ 'ಬ್ಲೇಡ್ ರನ್ನರ್ ೨೦೪೯' (೨೦೧೭), ತಾನು ವಿಶೇಷ ಜನ್ಮದವನೆಂದು ನಂಬಿದ ನಾಯಕ ಹಾಗಲ್ಲವೆಂದು ಅರಿಯುವ ಕಥೆ. ಛಾಯಾಗ್ರಹಣ ಮತ್ತು ದೃಶ್ಯಪರಿಣಾಮಗಳಿಗೆ ಆಸ್ಕರ್ ಪಡೆದರೂ ಅದು ತನ್ನ ಭಾರೀ ವೆಚ್ಚಕ್ಕೆ ತಕ್ಕಷ್ಟು ಗಳಿಸಲಿಲ್ಲ. ಇನ್ನೊಂದೆಡೆ, ಪುನರಾವರ್ತನೆಯೂ ಹಣ ತರಬಲ್ಲುದು. ಡಿಸ್ನಿ ಸಂಸ್ಥೆ ೨೦೧೨ರಲ್ಲಿ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯನ್ನು ೪೦೦ ಕೋಟಿ ಡಾಲರಿಗೂ ಮಿಕ್ಕ ಬೆಲೆಗೆ ಕೊಂಡಿತು. ೨೦೧೫ರ 'ದಿ ಫೋರ್ಸ್ ಅವೇಕನ್ಸ್' ಮೂಲಚಿತ್ರದ ಚೌಕಟ್ಟನ್ನೇ ಬಹುಮಟ್ಟಿಗೆ ಅನುಸರಿಸಿ ೨೦೦ ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ೨೦೧೭ರ 'ದಿ ಲಾ‌ಸ್ಟ್ ಜೆಡೈ' ಹಳೆಯ ನಂಬಿಕೆಗಳನ್ನು ಪ್ರಶ್ನಿಸಿ ಪ್ರೇಕ್ಷಕರನ್ನು ಎರಡು ಪಾಳೆಯ ಮಾಡಿತು. ೨೦೧೯ರ ಚಿತ್ರ ಆ ಪ್ರಶ್ನೆಗಳಲ್ಲಿ ಕೆಲವನ್ನು ಕೈಬಿಟ್ಟು ಹಿಂದಿನ ಹಾದಿಗೆ ಮರಳಿತು. ಪ್ರತಿ ಚಿತ್ರದಲ್ಲಿಯೂ ಗಳಿಕೆ ಇಳಿಯುತ್ತ ಬಂತು. ಒಂದು ಚಿತ್ರ ಕೇಳಿದ ಪ್ರಶ್ನೆಗೆ ಮುಂದಿನದು ಉತ್ತರಿಸದೆ ಹೋದರೆ ಸರಣಿಗೆ ಅಂಕಿಗಳು ಉಳಿದರೂ ಕಥೆ ಉಳಿಯದು ಎಂಬುದನ್ನು ಈ ಮೂರು ಚಿತ್ರಗಳು ಸೂಚಿಸುತ್ತವೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಉತ್ತರಭಾಗದ ಆರ್ಥಿಕ ಯಶಸ್ಸು ಮತ್ತು ಅದರ ಬಾಳಿಕೆ ಒಂದೇ ಅಲ್ಲ. ಮೊದಲನೆಯದಕ್ಕೆ ಪೂರ್ವಭಾಗದ ಹೆಸರು, ಪ್ರಚಾರ, ಬಿಡುಗಡೆಯ ಸಂದರ್ಭಗಳು ಸಾಕಾಗಬಹುದು. ಎರಡನೆಯದಕ್ಕೆ ಪೂರ್ವಭಾಗವನ್ನು ಮತ್ತೆ ನೋಡುವಂತೆ, ಬೇರೆ ಬಗೆಯಲ್ಲಿ ನೋಡುವಂತೆ ಮಾಡುವ ಶಕ್ತಿ ಬೇಕು. ಹಾಗೆ ಮಾಡುವಾಗ ಪ್ರೇಕ್ಷಕರು ಪ್ರೀತಿಸಿದ ಗೆಲುವನ್ನೇ ಅವರಿಂದ ಕಿತ್ತುಕೊಳ್ಳಬೇಕಾಗುತ್ತದೆ. 'ಏಪ್ಸ್' ಸರಣಿಯ ಹೊತ್ತಿನಲ್ಲಿ ಹಣ ಹಾಕಿದ ಸಂಸ್ಥೆ ವೆಚ್ಚವನ್ನು ಇಳಿಸುತ್ತ ನಷ್ಟದ ಸಂಭವವನ್ನು ತಪ್ಪಿಸಿಕೊಂಡಿತು. 'ಎಂಪೈರ್' ಚಿತ್ರದಲ್ಲಿ ಕಥೆಯ ಒಡೆಯನೇ ಸಾಲದ ಹೊಣೆಯನ್ನೂ ಹೊತ್ತಿದ್ದರಿಂದ, ನಾಯಕ ಸೋತು ಮರಳುವ ಕಥೆಯನ್ನು ಹೇಳಬಾರದೆಂದು ತಡೆಯುವ ಅಧಿಕಾರ ಹೊರಗಿನ ಯಾರಿಗೂ ಇರಲಿಲ್ಲ. ೧೯೭೬ರ ಸುಮಾರಿಗೆ ಯಾರಿಗೂ ಬೇಡವಾಗಿದ್ದ ಉತ್ತರಭಾಗದ ಹಕ್ಕೇ ಆ ಸ್ವಾತಂತ್ರ್ಯದ ಮೂಲವಾಯಿತು. ಚಿತ್ರದ ಅಂತ್ಯದಲ್ಲಿ ಕೃತಕವಾದ ಕೈಯನ್ನು ಜೋಡಿಸಿಕೊಂಡ ಲ್ಯೂಕ್ ಗೆಳೆಯರೊಡನೆ ಕಿಟಕಿಯ ಬಳಿ ನಿಂತು ನಕ್ಷತ್ರಮಂಡಲವನ್ನು ನೋಡುತ್ತಾನೆ. ಪದಕವಿಲ್ಲ, ವಿಜಯವಾದ್ಯವಿಲ್ಲ, ಗೆಳೆಯನೊಬ್ಬ ಶತ್ರುಗಳ ವಶದಲ್ಲಿದ್ದಾನೆ. ಹೀಗೆ ಮುಗಿದ ಚಿತ್ರಕ್ಕೆ ಪ್ರೇಕ್ಷಕರು ೧೯೮೩ರಲ್ಲಿ ಮೂರನೆಯ ಭಾಗ ಬರುವವರೆಗೆ ಮೂರು ವರ್ಷ ಕಾದರು. ಉತ್ತರಭಾಗವೆಂಬುದು ಮೂಲದ ನೆರಳಾಗಬೇಕಿಲ್ಲ ಎಂಬುದನ್ನು ಚಲನಚಿತ್ರರಂಗ ಮನಗಂಡುದರಲ್ಲಿ ಆ ಕಾಯುವಿಕೆಯ ಪಾಲು ದೊಡ್ಡದು.